ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

ಬಾಡಿಗೆ ಮನೆ ಬಿಟ್ಟು ಹೊರಟವನ ಪಾತ್ರೆ ಪಗಡಗಳಿಗೆ ಮನೆಯ ಒಡೆಯನು ಸುಂಕ ಕೇಳಿದರೆ ಬೀದಿಯ ಜನ ಸುಮ್ಮನಿರುವುದಿಲ್ಲ. ಆದರೆ ಇಂಥದೇ ಒಂದು ಸುಂಕ ನಮ್ಮ ಕಣ್ಣಿಗೆ ಬೀಳದೆ ಬೆಳೆದಿದೆ.

ಅಂಗಡಿಯ ಉದ್ರಿ ಲೆಕ್ಕ, ಜಿಎಸ್‌ಟಿ ಬಿಲ್ಲು, ಕಾರ್ಮಿಕ ಸಂಘದ ಸದಸ್ಯರ ಪಟ್ಟಿ, ಸಭೆಯ ನಡವಳಿ ಇವೆಲ್ಲ ಈಗ ‘ಕ್ಲೌಡ್’ ಎಂಬ ಉಗ್ರಾಣ ಸೇರುತ್ತಿವೆ. ಹೆಸರು ಮೋಡವಾದರೂ ಅದು ಇರುವುದು ಆಕಾಶದಲ್ಲಲ್ಲ. ದೊಡ್ಡ ಬಂಡವಾಳಗಾರನ ಕಟ್ಟಡದಲ್ಲಿ, ಅವನ ಯಂತ್ರದಲ್ಲಿ. ಒಳಗೆ ಹೋಗುವುದು ಸುಲಭ. ಬಾಡಿಗೆ ಏರಿದಾಗ ಹೊರಬರುವುದೇ ಕಷ್ಟ. ಪತ್ರಗಳನ್ನೆಲ್ಲ ನಕಲು ಮಾಡಬೇಕು. ಒಂದು ಕಂಪೆನಿಯ ಲೆಕ್ಕದ ಹಾಳೆಯನ್ನು ಇನ್ನೊಂದರ ರೂಪಕ್ಕೆ ತಿರುಗಿಸುವಾಗ ಕೆಲವು ಸೂತ್ರಗಳು ಕೆಡುತ್ತವೆ. ಯಾರು ಯಾವ ಕಾಗದ ನೋಡಬಹುದೆಂಬ ಅಪ್ಪಣೆಗಳನ್ನು ಹೊಸದಾಗಿ ಹಾಕಬೇಕಾಗುತ್ತದೆ. ಹಿಂದೆ ಹಂಚಿದ ಕೊಂಡಿಗಳು ಹಳೆಯ ಮನೆಯತ್ತಲೇ ಬೆರಳು ತೋರುತ್ತವೆ. ದೊಡ್ಡ ಗಿರಾಕಿಗಳು ಮಾಹಿತಿಯನ್ನು ಹೊರಗೆ ಸಾಗಿಸಲು ಬೇರೆ ಶುಲ್ಕವನ್ನೂ ತೆರಬೇಕಾಗಿತ್ತು.

2024ರ ಮೊದಲ ಮೂರು ತಿಂಗಳಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಒಂದರ ಹಿಂದೊಂದು, ಪೂರ್ತಿ ಬಿಟ್ಟು ಹೋಗುವವರಿಂದ ಈ ಶುಲ್ಕ ಪಡೆಯುವುದಿಲ್ಲವೆಂದು ಸಾರಿದವು. ಇದು ದಾನಬುದ್ಧಿಯೇ? ಅಷ್ಟರೊಳಗೆ ಯುರೋಪಿನ ಒಕ್ಕೂಟ ಮಾಹಿತಿ ಕಾಯಿದೆಯನ್ನು ಮಾಡಿ ಮುಗಿಸಿತ್ತು. ಅದು 2025ರ ಸೆಪ್ಟೆಂಬರ್ 12ರಿಂದ ಜಾರಿಗೆ ಬಂತು. ಬದಲಾವಣೆಯ ಶುಲ್ಕಗಳ ಪೂರ್ಣ ರದ್ದತಿಗೆ ಅದು ಗೊತ್ತುಮಾಡಿದ ದಿನ 2027ರ ಜನವರಿ 12.

ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರವು 2025ರಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕ ಅಂಚೆಪೆಟ್ಟಿಗೆಗಳನ್ನು, ಹತ್ತು ಕೋಟಿಗೂ ಹೆಚ್ಚು ಪತ್ರ ಮತ್ತು ದಿನಚರಿ ನಮೂದುಗಳನ್ನು, ಮೈಕ್ರೋಸಾಫ್ಟಿನಿಂದ ಬಿಡಿಸಿ ಮುಕ್ತ ತಂತ್ರಾಂಶಕ್ಕೆ ಸಾಗಿಸಿತು. ಸುಮಾರು ಆರು ತಿಂಗಳು ಹಿಡಿಯಿತು. ನೌಕರರು ಗೊಣಗಿದರು, ಅಡಚಣೆಗಳೂ ಆದವು. ಆದರೂ ಕೆಲಸ ಮುಗಿಯಿತು. ಅಸಾಧ್ಯವೆನ್ನುವವರಿಗೆ ಇದೇ ಉತ್ತರ.

ನಮ್ಮಲ್ಲಿಯೂ ಉದಾಹರಣೆ ಇದೆ. ಹಿಂದೆ ಮೊಬೈಲ್ ಕಂಪೆನಿ ಬಿಟ್ಟರೆ ನಂಬರೂ ಹೋಗುತ್ತಿತ್ತು. 2011ರ ಜನವರಿ 20ರಿಂದ ದೇಶದಲ್ಲೆಲ್ಲ ನಂಬರು ಉಳಿಸಿಕೊಂಡೇ ಕಂಪೆನಿ ಬದಲಿಸುವ ಹಕ್ಕು ಬಂತು. ಬಂದದ್ದು ಸರ್ಕಾರದ ಕಟ್ಟಳೆಯಿಂದ, ಕಂಪೆನಿಗಳ ಔದಾರ್ಯದಿಂದಲ್ಲ. ಆದರೆ ಮಾಹಿತಿಯ ವಿಷಯದಲ್ಲಿ ನಡೆದದ್ದು ಬೇರೆ. ವ್ಯಕ್ತಿ ತನ್ನ ಮಾಹಿತಿಯನ್ನು ಬೇರೆಡೆಗೆ ಒಯ್ಯುವ ಹಕ್ಕು 2019ರ ಮಸೂದೆಯಲ್ಲಿತ್ತು. 2023ರ ಕಾಯಿದೆಯಲ್ಲಿ ಅದು ಮಾಯವಾಯಿತು. ಆ ಹಕ್ಕು ಮರಳಿ ಬರಬೇಕು, ಸಣ್ಣ ವ್ಯಾಪಾರಿಯ ಲೆಕ್ಕಕ್ಕೂ ಸಂಘದ ಕಡತಕ್ಕೂ ಅನ್ವಯಿಸಬೇಕು ಎಂಬುದು ನಮ್ಮ ಒತ್ತಾಯ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಸಂಘದ ವಿಳಾಸದ ಹೆಸರನ್ನು ಸಂಘದ ಹೆಸರಿನಲ್ಲೇ ನೋಂದಾಯಿಸಿರಿ. ಆಗ ಕಂಪೆನಿ ಬದಲಾದರೂ ವಿಳಾಸ ಬದಲಾಗದು. ತಿಂಗಳಿಗೊಮ್ಮೆ ಎಲ್ಲ ಕಡತಗಳ ಪ್ರತಿಯನ್ನು, ಯಾವ ಯಂತ್ರದಲ್ಲಾದರೂ ತೆರೆಯಬಲ್ಲ ರೂಪದಲ್ಲಿ, ನಿಮ್ಮ ಬೀರುವಿನ ಡಿಸ್ಕಿನಲ್ಲಿಡಿರಿ. ಹೊರಡುವಾಗ ಮೊದಲು ಒಬ್ಬರದನ್ನು ಸಾಗಿಸಿ ಪರೀಕ್ಷಿಸಿರಿ; ಲೆಕ್ಕ ತಾಳೆಯಾಗುವತನಕ ಹಳೆಯ ಖಾತೆ ಮುಚ್ಚಬೇಡಿರಿ. ಗುಪ್ತಪದ ಒಬ್ಬ ಗುಮಾಸ್ತನ ತಲೆಯಲ್ಲಿ ಮಾತ್ರ ಇರದಿರಲಿ.

ಮುಂದಿನ ಸಭೆಯಲ್ಲಿ ಪ್ರತಿಯೊಂದು ಸಂಘವೂ ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಾಳೆ ಬಾಡಿಗೆ ಇಮ್ಮಡಿಯಾದರೆ ನಮ್ಮ ಪುಸ್ತಕಗಳೊಂದಿಗೆ ಹೊರಬರಬಲ್ಲೆವೆ? ಇಲ್ಲವೆಂಬ ಉತ್ತರ ಬಂದರೆ, ಅಂದೇ ಕೆಲಸ ಆರಂಭವಾಗಲಿ.