ಕೆಟ್ಟಾಗ ಏನು ಮಾಡಿದರು? ವೀಕ್ಷಣಾ ನಮೂನೆಗೆ ಒಂದು ಹೊಸ ಸಾಲು

ಕಳೆದ ವರ್ಷ ಅರಸೀಕೆರೆಯ ಒಂದು ಪ್ರೌಢಶಾಲೆಯಲ್ಲಿ ನಾನು ವೀಕ್ಷಿಸಿದ ಪಾಠವೊಂದಕ್ಕೆ ಕೊಟ್ಟ ಅಂಕ ಸರಿಯಲ್ಲವೆಂದು ಈಗ ಅನಿಸುತ್ತಿದೆ. ಆ ತಪ್ಪು ನನ್ನದು. ನಾವೆಲ್ಲ ಬಳಸುವ ವೀಕ್ಷಣಾ ನಮೂನೆಯದೂ ಹೌದು.

9ನೇ ತರಗತಿ, ‘ಶಬ್ದ’ ಘಟಕ. ಪ್ರಶಿಕ್ಷಣಾರ್ಥಿ ಗಿಟಾರ್ ನುಡಿಸಬಲ್ಲವರು. ಪಾರ ಮತ್ತು ಆವೃತ್ತಿಯನ್ನು ಕಿವಿಗೇ ಕೇಳಿಸಬೇಕೆಂದು, ಸೋದರಮಾವನ ಹಳೆಯ ಮೈಕ್ ಸೆಟ್ಟಿನ ಬಿಡಿಭಾಗಗಳಿಂದ ತಾವೇ ಕಟ್ಟಿದ ವಾಲ್ವ್ ಆಂಪ್ಲಿಫಯರ್ ತಂದಿದ್ದರು. ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ತಯಾರಿಸುತ್ತಿದ್ದ ವಾಲ್ವುಗಳು ಅದರಲ್ಲಿದ್ದವು. ಸ್ವಿಚ್ ಹಾಕಿ ವಾಲ್ವು ಕಾದದ್ದೇ ತಡ, ತಂತಿ ಮೀಟುವ ಮೊದಲೇ ಪೆಟ್ಟಿಗೆ ಕಿರುಚತೊಡಗಿತು. ವಾಲ್ಯೂಮ್ ಪೂರ್ತಿ ಇಳಿಸಿದರೂ ನಿಲ್ಲಲಿಲ್ಲ. ಮುಂದಿನ ಬೆಂಚಿನ ಹುಡುಗಿ, “ಸಾರ್, ಯಾಕೆ ಹಂಗೆ ಕೂಗ್ತಿದೆ?” ಎಂದು ಕೇಳಿದಳು. “ಆಮೇಲೆ ನೋಡೋಣ” ಎಂದು ಅವರು ಪ್ಲಗ್ ಕಿತ್ತು, ಕಪ್ಪುಹಲಗೆಯ ಮೇಲೆ ತರಂಗದ ಚಿತ್ರ ಬರೆದರು.

ನಾನು ಹಿಂದಿನ ಸಾಲಿನಲ್ಲಿ ಕುಳಿತು ಬರೆದದ್ದು: “ಬೋಧನೋಪಕರಣವನ್ನು ಮುಂಚಿತವಾಗಿ ಪರೀಕ್ಷಿಸಿಲ್ಲ.” ಅಂಕ ಕಳೆದೆ. ಆ ಅವಧಿಯಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ ನನ್ನ ನಮೂನೆಯ ಯಾವ ಕಲಂನಲ್ಲೂ ಸೇರಲಿಲ್ಲ.

ಆ ಸಂಜೆ ಅವರೊಂದಿಗೆ ಒಬ್ಬ ಹಿರಿಯ ರೇಡಿಯೋ ಮೆಕ್ಯಾನಿಕ್ ಬಳಿ ಹೋದೆ. ವಾಲ್ವು ಸುಟ್ಟಿರಬೇಕೆಂದು ಹುಡುಗ ಹೊಸದಕ್ಕೆ ದುಡ್ಡು ಹೊಂದಿಸಿಕೊಂಡೇ ಬಂದಿದ್ದರು. ಹಿರಿಯರು ಸಾಲ್ಡರಿಂಗ್ ಐರನ್ ಮುಟ್ಟದೆ ಮೊದಲು ಕೇಳಿದರು: “ವಾಲ್ಯೂಮ್ ಇಳಿಸಿದ್ರೆ ಕೂಗು ನಿಲ್ತಾ?” “ಇಲ್ಲ ಸಾರ್.” “ಹಂಗಾದ್ರೆ ವಾಲ್ಯೂಮಿಗಿಂತ ಮುಂಚಿನ ಭಾಗ ಬಿಡು, ತಪ್ಪು ಅದರಿಂದಾಚೆ ಇದೆ.” ಒಂದೇ ಪ್ರಶ್ನೆಯಲ್ಲಿ ಹುಡುಕುವ ಜಾಗ ಅರ್ಧವಾಯಿತು.

ಆಮೇಲೆ ಸೀರೀಸ್ ಬಲ್ಬಿನ ಮೂಲಕ ವಿದ್ಯುತ್ ಕೊಟ್ಟರು. ಬಲ್ಬು ಪೂರ್ತಿ ಉರಿಯದೆ ಮಂಕಾಯಿತು, ಅಂದರೆ ಶಾರ್ಟ್ ಇಲ್ಲ. ಬಲ್ಬು ತೆಗೆದು ನೇರ ವಿದ್ಯುತ್ತಿನಲ್ಲಿ ಮೀಟರ್ ಇಟ್ಟು ಫಿಲಮೆಂಟಿನ 6.3 ವೋಲ್ಟ್, ಪ್ಲೇಟಿನ ಸುಮಾರು 300 ವೋಲ್ಟ್ ನೋಡಿದರು. ಎರಡೂ ಸರಿ. ಪ್ಲಗ್ ತೆಗೆದು, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆ ಫೀಡ್‌ಬ್ಯಾಕ್ ತಂತಿಯೊಂದನ್ನು ಬಿಚ್ಚಿದರು. ಮತ್ತೆ ಹಾಕಿದಾಗ ಕೂಗು ಇರಲಿಲ್ಲ.

ಆ ತಂತಿ ಔಟ್‌ಪುಟ್ಟಿನ ಒಂದಂಶವನ್ನು ಹಿಂದಿನ ಹಂತಕ್ಕೆ ವಿರುದ್ಧ ದಿಕ್ಕಿನಲ್ಲಿ ಮರಳಿಸಿ ಧ್ವನಿಯ ವಿಕೃತಿಯನ್ನು ಕಡಿಮೆ ಮಾಡಬೇಕು. 1927ರಲ್ಲಿ ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಕಂಡುಕೊಂಡ ಉಪಾಯವಿದು. ಇಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ ಎರಡು ಪವರ್ ವಾಲ್ವುಗಳ ಪ್ಲೇಟಿಗೆ ಹೋಗುವ ತಂತಿಗಳು ಅದಲುಬದಲಾಗಿ, ತಡೆಯಬೇಕಾದದ್ದು ತಳ್ಳುತ್ತಿತ್ತು. ಜಾತ್ರೆಯಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ಆಗುವುದೂ ಇಂಥದ್ದೇ. ಹಿಂದಿನ ರಾತ್ರಿ ಆಂಪ್ಲಿಫಯರ್ ಸರಿಯಾಗಿಯೇ ಹಾಡಿತ್ತಂತೆ. ಇನ್ನೂ ಚೆನ್ನಾಗಿರಲೆಂದು ಬೆಳಿಗ್ಗೆ ಈ ಫೀಡ್‌ಬ್ಯಾಕ್ ತಂತಿ ಸೇರಿಸಿದ್ದರು, ಪರೀಕ್ಷಿಸಲು ಕರೆಂಟ್ ಇರಲಿಲ್ಲ. ಪ್ಲೇಟಿನ ಎರಡು ತಂತಿ ಅದಲುಬದಲು ಮಾಡಿ ಫೀಡ್‌ಬ್ಯಾಕ್ ಮತ್ತೆ ಜೋಡಿಸಿದರು. ಕೂಗು ಮರಳಲಿಲ್ಲ. ಒಂದು ಭಾಗವನ್ನೂ ಬದಲಿಸಬೇಕಾಗಲಿಲ್ಲ.

ನಾವು ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂದು ದಾಖಲೆ ಬರೆಸುತ್ತೇವೆ. ಆದರೆ ತರಗತಿಯಲ್ಲಿ ಮಾಡುವುದು ವಾಲ್ವು ಬದಲಿಸುವ ಕೆಲಸ. 42ರಿಂದ 17 ಕಳೆದರೆ 35 ಎಂದು ಮಗು ಬರೆದರೆ ಇಡೀ ವ್ಯವಕಲನವನ್ನು ಮತ್ತೆ ಕಲಿಸುತ್ತೇವೆ. ಮಗುವಿಗೆ ಕಳೆಯಲು ಬರುತ್ತದೆ. ಬಿಡಿಸ್ಥಾನದಲ್ಲಿ 2ರಿಂದ 7 ಹೋಗದ್ದರಿಂದ 7ರಿಂದ 2 ಕಳೆದಿದೆ, ಅಷ್ಟೆ. ಭಾಗ ಕೆಟ್ಟಿಲ್ಲ, ದಿಕ್ಕು ತಿರುಗಿದೆ. “ಇದನ್ನು ಹೇಗೆ ಮಾಡಿದೆ, ಹೇಳು” ಎಂದು ಕೇಳಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಆದ್ದರಿಂದ ನನ್ನ ಸಲಹೆ ಎರಡು. ಒಂದು, ವೀಕ್ಷಣಾ ನಮೂನೆಯಲ್ಲಿ ‘ಕೆಟ್ಟಾಗ ಏನು ಮಾಡಿದರು?’ ಎಂಬ ಸಾಲು ಸೇರಲಿ. ಅಂಕ ಹುಡುಕಿದ ಕ್ರಮಕ್ಕೆ ಸಿಗಲಿ. ಎರಡು, ಬೋಧನಾಭ್ಯಾಸದಲ್ಲಿ ಒಂದು ಪಾಠವಾದರೂ ಬೇಕೆಂದೇ ಕೆಡಿಸಿದ ವಸ್ತುವಿನ ಮೇಲೆ ನಡೆಯಲಿ. 300 ವೋಲ್ಟಿನ ತೆರೆದ ಪೆಟ್ಟಿಗೆ ಮಕ್ಕಳ ಹತ್ತಿರ ಎಂದಿಗೂ ಬೇಡ. ಎರಡು ಸೆಲ್ಲು, ಬಲ್ಬು, ಸ್ವಿಚ್ಚಿನ ಮಂಡಲದಲ್ಲಿ ಒಂದು ತಂತಿಯನ್ನು ಒಳಗೇ ತುಂಡರಿಸಿಟ್ಟರೆ ಸಾಕು.

ಹೀಗಾದರೆ ತಯಾರಿಯಿಲ್ಲದೆ ಬರುವವರಿಗೆ ನೆಪ ಸಿಗುತ್ತದೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಆತಂಕ ನಿಜ. ಆದರೆ ಕೆಟ್ಟದ್ದಕ್ಕೆ ಯಾರಿಗೂ ಅಂಕವಿಲ್ಲ. ಏನು ಕಂಡಿತು, ಏನು ಊಹಿಸಿದರು, ಹೇಗೆ ಪರೀಕ್ಷಿಸಿದರು, ಏನು ಉಳಿಯಿತು ಎಂಬ ನಾಲ್ಕು ಸಾಲು ಬರೆಯಲಾಗದವರಿಗೆ ಈ ಕಲಂ ಖಾಲಿಯೇ ಉಳಿಯುತ್ತದೆ. ಅವಧಿ ಸಾಲದೆಂಬ ಮಾತಿಗೂ ಉತ್ತರವಿದೆ: ಆ ಮೊದಲ ಪ್ರಶ್ನೆಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಮುಂದಿನ ವಾರ ಆ ಪ್ರಶಿಕ್ಷಣಾರ್ಥಿ ಮುಚ್ಚಿದ ಪೆಟ್ಟಿಗೆಯೊಂದಿಗೆ ಅದೇ ತರಗತಿಗೆ ಹೋಗಿ, ಗಿಟಾರ್ ನುಡಿಸಿ, ಆ ಹುಡುಗಿಗೆ ಬಾಕಿಯಿದ್ದ ಉತ್ತರ ಕೊಟ್ಟರು. “ಹಂಗಾದ್ರೆ ಯಾವುದೂ ಕೆಟ್ಟಿರ್ಲಿಲ್ವಾ ಸಾರ್?” ಎಂದಳು. ಆ ಹೊತ್ತಿಗೆ ಅಂಕಪಟ್ಟಿ ಕಚೇರಿ ಸೇರಿತ್ತು. ಕಳೆದ ಅಂಕವನ್ನು ನಾನು ಹಿಂತಿರುಗಿಸಲಾಗಲಿಲ್ಲ. ನಮೂನೆಯನ್ನಾದರೂ ತಿದ್ದೋಣ.