ಕೋಲಾಟಕ್ಕೆ ಪದ ಹಾಡುವವರು ಬೇಕು

ನವೆಂಬರ್ ಬಂತೆಂದರೆ ಟೊರಾಂಟೊ, ಮಿಸ್ಸಿಸಾಗ, ಬ್ರಾಂಪ್ಟನ್ ಕಡೆಯ ಕನ್ನಡದ ಮನೆಗಳಲ್ಲಿ ರಾಜ್ಯೋತ್ಸವದ ತಯಾರಿ. ಮಕ್ಕಳ ಕೈಗೆ ಕೋಲು ಬರುತ್ತದೆ, ಮೊಬೈಲಿನಲ್ಲಿ ಹಾಡು ಶುರುವಾಗುತ್ತದೆ. ಕುಣಿಯುವವರು ಬೇಕಾದಷ್ಟಿದ್ದಾರೆ, ಹಾಡುವವರು ಸಿಗುವುದು ಅಪರೂಪ. ಹೇಗಿದ್ದರೂ ಹಾಡು ಕೇಳುತ್ತಿದೆಯಲ್ಲ, ಇನ್ನೇನು ಬೇಕು ಎನ್ನಬಹುದು. ಬೇಕಾದದ್ದು ಬಹಳವಿದೆ.

ಊರಿನ ಕೋಲಾಟದಲ್ಲಿ ಒಬ್ಬರು ಪದ ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಕೋಲಿನ ಏಟು ಬೀಳುವುದು ಆ ಸೊಲ್ಲಿನ ಲಯಕ್ಕೆ. ಒಂದು, ಎರಡು ಎಂದು ಯಾರೂ ಎಣಿಸುವುದಿಲ್ಲ. ಸೊಲ್ಲು ಮರಳಿ ಬಂದಾಗ ಜೋಡಿ ಬದಲಾಗಬೇಕೆಂಬುದು ಕಾಲಿಗೇ ಗೊತ್ತಿರುತ್ತದೆ. ಆಟ ನಿಧಾನವಾಗಿ ಶುರುವಾಗಿ, ಮೈ ಬಿಸಿಯಾದಂತೆ ಬಿರುಸಾಗುತ್ತದೆ. ಎಷ್ಟು ಬಿರುಸು ಎಂದು ತೀರ್ಮಾನಿಸುವವರು ಪದ ಎತ್ತುವವರು, ಅದೂ ಆಡುವವರ ಮುಖ ನೋಡಿಕೊಂಡು. ಪುಟ್ಟ ಹುಡುಗಿಯೊಬ್ಬಳು ಎಡವಿದರೆ ಅದೇ ನುಡಿಯನ್ನು ಮತ್ತೊಮ್ಮೆ ಹಾಡಿ ಅವಳನ್ನು ಸುತ್ತಿಗೆ ಸೇರಿಸಿಕೊಳ್ಳಬಹುದು. ರೆಕಾರ್ಡು ಯಾರಿಗೂ ಕಾಯುವುದಿಲ್ಲ. ಅದರ ನಾಲ್ಕು ನಿಮಿಷ ಮುಗಿದರೆ ಆಟವೂ ಮುಗಿಯಿತು.

ಅಕ್ಕಪಕ್ಕದವರಲ್ಲೂ ಇದೇ ಕಟ್ಟು ಕಾಣುತ್ತದೆ. ಪಂಜಾಬಿ ಹೆಂಗಸರ ಗಿದ್ಧಾದಲ್ಲಿ ಒಬ್ಬಳು ಬೋಲಿ ಎತ್ತುತ್ತಾಳೆ, ಉಳಿದವರು ಚಪ್ಪಾಳೆಯೊಂದಿಗೆ ದನಿಗೂಡಿಸುತ್ತಾರೆ. ಉಕ್ರೇನಿಯನ್ನರ ಕೊಲೊಮಿಯ್ಕಾ ಕುಣಿತವೂ ಹೌದು, ಹಾಡೂ ಹೌದು: ಸಾಲಿಗೆ 14 ಅಕ್ಷರ, ಎಂಟಾದ ಮೇಲೆ ಒಂದು ನಿಲುಗಡೆ, ಆಮೇಲೆ ಆರು. ಕೆನಡಾದ ಪೂರ್ವ ತುದಿಯ ಕೇಪ್ ಬ್ರೆಟನ್ನಿನ ಗೇಲಿಕ್ ಜನರಂತೂ ಪಿಟೀಲು ಇಲ್ಲದ ಹೊತ್ತಿನಲ್ಲಿ ಕುಣಿತದ ಮಟ್ಟನ್ನು ಬಾಯಲ್ಲೇ ಹಾಡಿ ಕುಣಿಸುತ್ತಿದ್ದರು. ಅಲ್ಲಿ ಅರ್ಥ ಹಿಂದೆ, ಲಯ ಮುಂದೆ.

ನಮ್ಮ ಪದಗಳಲ್ಲಿ ಅರ್ಥಕ್ಕೂ ತೂಕವಿದೆ. ಅವು ಬಹುಮಟ್ಟಿಗೆ ನೆನಪಿನಲ್ಲೇ ಬದುಕಿದವು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಸಮುದಾಯದ ಹಾಡಿನ ಕಣಜವನ್ನೇ ನೆನಪಿನಲ್ಲಿ ಹೊತ್ತಿದ್ದರು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಅಂಥವರ ಬಾಯಿಂದ ಕಲಿತವರು ಇದ್ದಾಗ ಮಾತ್ರ ಹಾಡು ಮುಂದಕ್ಕೆ ಸಾಗುತ್ತದೆ.

ಇಲ್ಲಿ ಕಲಿಸುವವರು ಯಾರು? ಸೂಪರ್ ವೀಸಾದಲ್ಲಿ ಬರುವ ಅಜ್ಜ ಅಜ್ಜಿಯರು ಈಗ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು. ಅವರಲ್ಲಿ ಸೋಬಾನೆ, ಕೋಲಾಟದ ಪದ ಬಲ್ಲವರು ಖಂಡಿತ ಇದ್ದಾರೆ, ಕೇಳುವವರಿಲ್ಲದೆ ಸುಮ್ಮನಿದ್ದಾರೆ. ಅವರನ್ನು ಮುಂದಿನ ಸಾಲಿನ ಕುರ್ಚಿಯಿಂದ ಎಬ್ಬಿಸಿ ಸುತ್ತಿನ ನಡುವೆ ನಿಲ್ಲಿಸಬೇಕು. ಮೊದಲ ವಾರ ಕೋಲೇ ಬೇಡ. ಮಕ್ಕಳು ನೆಲದ ಮೇಲೆ ಕೂತು ಚಪ್ಪಾಳೆ ತಟ್ಟುತ್ತ ಸೊಲ್ಲು ಕಲಿಯಲಿ. ಸೊಲ್ಲು ಬಾಯಿಗೆ ಕೂತ ಮೇಲೆ, ಊರಿನ ಹೊಳೆಯ ಹೆಸರಿದ್ದ ಕಡೆ ಮಿಸ್ಸಿಸಾಗದ ಕ್ರೆಡಿಟ್ ನದಿಯನ್ನು ಸೇರಿಸಿ ಹಾಡಿದರೂ ತಪ್ಪಿಲ್ಲ. ಪದ ಕಟ್ಟುವವರು ಹಿಂದಿನಿಂದಲೂ ಹಾಗೆಯೇ ಕಟ್ಟಿಕೊಂಡು ಬಂದಿದ್ದಾರೆ.