ತಂತಿಯ ಉಳಿತಾಯ ಯಾರ ಪಾಲಿಗೆ?

ಮಿಡಿಗೇಶಿಯ ಉತ್ತರಕ್ಕೆ, ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಹರಡಿಕೊಂಡಿದೆ. ಸೌರಫಲಕ ಕೊಡುವುದು ಏಕಮುಖ ವಿದ್ಯುತ್ತು, ಅಂದರೆ ಡಿ.ಸಿ. ಅದನ್ನು ಅಲ್ಲಿಯೇ ಎ.ಸಿ.ಗೆ ಪರಿವರ್ತಿಸಿ, 400 ಕಿಲೋವೋಲ್ಟಿಗೆ ಏರಿಸಿ ದೂರಕ್ಕೆ ಸಾಗಿಸಲಾಗುತ್ತದೆ. ಹಳ್ಳಿಯ ಮನೆಗೆ ಬರುವ ಎ.ಸಿ.ಯನ್ನಾದರೋ ಎಲ್‌ಇಡಿ ದೀಪವೂ ಮೊಬೈಲ್ ಚಾರ್ಜರೂ ಮತ್ತೆ ಡಿ.ಸಿ. ಮಾಡಿಕೊಳ್ಳುತ್ತವೆ. ಪ್ರತಿಯೊಂದು ಪರಿವರ್ತನೆಗೂ ನಷ್ಟದ ತೆರಿಗೆ ಇದ್ದೇ ಇದೆ.

ಡಿ.ಸಿ. ತಂತಿಯ ಲೋಹವನ್ನು ಉಳಿಸುತ್ತದೆ ಎಂಬುದು ನಿಜ. ತಂತಿಗೂ ನೆಲಕ್ಕೂ ನಡುವಿನ ಗರಿಷ್ಠ ವೋಲ್ಟೇಜ್, ಸಾಗಿಸುವ ಶಕ್ತಿ, ದೂರ, ನಷ್ಟ ಇವೆಲ್ಲ ಸಮಾನವಾಗಿದ್ದರೆ, ಮೂರು ತಂತಿಗಳ ತ್ರೀಫೇಸ್ ಮಾರ್ಗಕ್ಕೆ ಬೇಕಾದ ಲೋಹದ ಅರ್ಧದಷ್ಟು ಮಾತ್ರ ಎರಡು ತಂತಿಗಳ ಡಿ.ಸಿ. ಮಾರ್ಗಕ್ಕೆ ಸಾಕು. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2003ರಲ್ಲಿ ಬಂದ 500 ಕಿಲೋವೋಲ್ಟಿನ, 2,000 ಮೆಗಾವಾಟ್ ಸಾಮರ್ಥ್ಯದ ಡಿ.ಸಿ. ಮಾರ್ಗದ ಹಿಂದಿರುವುದೂ ಇದೇ ಲೆಕ್ಕಾಚಾರ.

ಆದರೆ ಈ ಉಳಿತಾಯ 'ಡಿ.ಸಿ.' ಎಂಬ ಹೆಸರಿನಿಂದಷ್ಟೇ ಬಾರದು. ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ, ಅಷ್ಟೇ ಶಕ್ತಿಯನ್ನು ಅಷ್ಟೇ ನಷ್ಟದಲ್ಲಿ ಸಾಗಿಸಲು ನಾಲ್ಕುಪಟ್ಟು ಲೋಹ ಬೇಕು. 48 ವೋಲ್ಟಿನ ಬದಲು 12 ವೋಲ್ಟ್ ಆಯ್ದುಕೊಂಡರೆ ಹದಿನಾರು ಪಟ್ಟು! ಕೇರಿಯ ಈ ತುದಿಯಿಂದ ಆ ತುದಿಗೆ 12 ವೋಲ್ಟಿನ ತೆಳು ತಂತಿ ಎಳೆದು 'ಮಿತವ್ಯಯ' ಎನ್ನುವವರು ಜನರನ್ನು ವಂಚಿಸುತ್ತಾರೆ. ಕೊನೆಯ ಮನೆಯ ದೀಪ ಮಂಕಾದಾಗ ಅಪವಾದ ಹೊರುವುದು ಸೂರ್ಯ; ತಪ್ಪು ಮಾತ್ರ ತಂತಿಯದು.

ಇದು ಕೇವಲ ಹಣದ ಪ್ರಶ್ನೆಯಲ್ಲ. ತಂತಿಯ ಅಲ್ಯೂಮಿನಿಯಂ ಬಾಕ್ಸೈಟಿನಿಂದ ಬರುತ್ತದೆ. ಬಾಕ್ಸೈಟ್ ಬೆಟ್ಟದ ನೆತ್ತಿಯಿಂದ. 2013ರಲ್ಲಿ ಒಡಿಶಾದ ನಿಯಮಗಿರಿಯ ಹನ್ನೆರಡು ಗ್ರಾಮಸಭೆಗಳು ಗಣಿಗಾರಿಕೆ ಬೇಡವೆಂದು ನಿರ್ಣಯಿಸಿದವು. ಇಲ್ಲಿ ಪೋಲಾಗುವ ಒಂದೊಂದು ಕಿಲೋ ಲೋಹವೂ ಅಂತಹ ಯಾವುದೋ ಬೆಟ್ಟದ ಮೇಲಿನ ಸಾಲ.

ಅತಿ ದೊಡ್ಡ ಉಳಿತಾಯವೆಂದರೆ ಎಳೆಯದೇ ಬಿಟ್ಟ ತಂತಿ. ಫಲಕ ಕೊಳವೆಬಾವಿಯ ಪಕ್ಕದಲ್ಲಿರಲಿ, ಶಾಲೆಯ ಮಾಳಿಗೆಯ ಮೇಲಿರಲಿ, ಡಿ.ಸಿ. ಹುಟ್ಟಿದಲ್ಲಿಯೇ ಬಳಕೆಯಾಗಲಿ. ದೂರದ ನಗರಗಳಿಗಾಗಿ ಲೋಹದ ಲೆಕ್ಕವನ್ನು ಕಿಲೋಗ್ರಾಮಿನವರೆಗೆ ಹಾಕಬಲ್ಲ ತಂತ್ರಜ್ಞರು, ಭೂಮಿ ಕೊಟ್ಟ ಸೀಮೆಯ ಹಳ್ಳಿಗಳಿಗೂ ಅದೇ ಲೆಕ್ಕ ಹಾಕಬೇಕಲ್ಲವೆ? ಸೌರದೀಪದ ಅಂದಾಜುಪಟ್ಟಿ ಮುಂದೆ ಬಂದಾಗ ಪ್ರತಿಯೊಂದು ಗ್ರಾಮಸಭೆಯೂ ಮೂರು ಪ್ರಶ್ನೆ ಕೇಳಲಿ: ವೋಲ್ಟ್ ಎಷ್ಟು? ತಂತಿಯ ಉದ್ದ ಎಷ್ಟು? ಲೋಹದ ತೂಕ ಎಷ್ಟು? ಉತ್ತರ ದೊರೆಯುವವರೆಗೆ ಸಹಿ ಬೀಳದಿರಲಿ.